ದೇಶದ ಮೊದಲ ಕೇಂದ್ರ ಜಾಗೃತ ಆಯುಕ್ತ ಕನ್ನಡಿಗ: ನಿಟ್ಟೂರು ಶ್ರೀನಿವಾಸರಾಯರ ಕಥೆ ಗೊತ್ತೇ?

2003ರ ಆಗಸ್ಟ್ 24ರಂದು ನಿಟ್ಟೂರು ಶ್ರೀನಿವಾಸರಾಯರಿಗೆ ನೂರು ವರ್ಷ ತುಂಬಿತು. ಅದಾದ 18ನೇ ದಿನ, ಸೆಪ್ಟೆಂಬರ್ 11ರಂದು, ಕೇಂದ್ರ ಜಾಗೃತ ಆಯೋಗ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಎರಡಕ್ಕೂ ಏನು ಸಂಬಂಧ ಎಂದು ಕೇಳಬಹುದು. ಆ ಆಯೋಗದ ಮೊದಲ ಆಯುಕ್ತರೇ ಈ ರಾಯರು. ಅವರು ಅಧಿಕಾರ ವಹಿಸಿಕೊಂಡದ್ದು 1964ರಲ್ಲಿ. ಆಗ ಆಯೋಗದ ಬೆನ್ನಿಗೆ ಯಾವ ಕಾಯ್ದೆಯೂ ಇರಲಿಲ್ಲ. ಸರ್ಕಾರ ಹೊರಡಿಸಿದ ಒಂದು ನಿರ್ಣಯ ಮಾತ್ರ ಇತ್ತು. ಆ ನಿರ್ಣಯ ಕಾಯ್ದೆಯಾಗಲು 39 ವರ್ಷ ಹಿಡಿಯಿತು. ಅದನ್ನು ಕಾಣಲು ರಾಯರು ನೂರು ವರ್ಷ ಬದುಕಬೇಕಾಯಿತು.

ಸಿಬಿಐ ದಾಳಿ, ಲೋಕಾಯುಕ್ತ ಬಲೆ ಎಂಬ ಸುದ್ದಿಗಳನ್ನು ದಿನವೂ ಓದುವ ನಮಗೆ ಭ್ರಷ್ಟಾಚಾರ ತನಿಖೆ ಎಂದರೆ ಮೊದಲು ನೆನಪಾಗುವುದು ಪೊಲೀಸರು. ಆದರೆ ಕೇಂದ್ರ ಜಾಗೃತ ಆಯೋಗಕ್ಕೆ ಸರ್ಕಾರ ಮೊದಲು ಕರೆದದ್ದು ಪೊಲೀಸ್ ಅಧಿಕಾರಿಯನ್ನಲ್ಲ. ಕನ್ನಡ ಪುಸ್ತಕಗಳನ್ನು ಪ್ರಕಟಿಸಿ ಮಾರಿದ್ದ, ಗಾಂಧಿ ದಾರಿಯ ಒಬ್ಬ ನಿವೃತ್ತ ನ್ಯಾಯಮೂರ್ತಿಯನ್ನು.

ಪ್ಯಾರೀಸ್ ಕಾರ್ನರ್‌ನಲ್ಲಿ ಕಾನೂನು ಪಾಠ

ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ಶುರುವಾದದ್ದು 1948ರಲ್ಲಿ. ಅದಕ್ಕೂ ಮುಂಚೆ ವಕೀಲರಾಗಬೇಕೆಂದು ಹೊರಟ ಮೈಸೂರು ಸಂಸ್ಥಾನದ ಹುಡುಗರು ಗಂಟುಮೂಟೆ ಕಟ್ಟಿಕೊಂಡು ಮದ್ರಾಸಿಗೋ ಮುಂಬೈ ಪ್ರಾಂತ್ಯಕ್ಕೋ ಹೋಗಬೇಕಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಶ್ರೀನಿವಾಸರಾಯರು ಮದ್ರಾಸಿನ ಕಾನೂನು ಕಾಲೇಜು ಸೇರಿದರು. ಅದು 1920ರ ದಶಕ.

ಆ ಕಾಲೇಜು ಇದ್ದದ್ದು ಪ್ಯಾರೀಸ್ ಕಾರ್ನರ್‌ನಲ್ಲಿ. ಇಂದಿನ ರಾಜಾಜಿ ಸಾಲೈ ಮತ್ತು ಎನ್‌ಎಸ್‌ಸಿ ಬೋಸ್ ರಸ್ತೆ ಸೇರುವ ಮೂಲೆ ಅದು. ವೇಲ್ಸ್‌ನಿಂದ ಬಂದ ಥಾಮಸ್ ಪ್ಯಾರಿ 1788ರಲ್ಲಿ ಶುರುಮಾಡಿದ ವ್ಯಾಪಾರದಿಂದ ಆ ಜಾಗಕ್ಕೆ ಈ ಹೆಸರು ಬಂತು. ಎದುರಿಗೆ ಕೆಂಪು ಗೋಪುರಗಳ ಹೈಕೋರ್ಟ್, ಅದರ ಮಗ್ಗುಲಲ್ಲಿ ಅದೇ ಶೈಲಿಯ ಕಾನೂನು ಕಾಲೇಜು. ಎರಡರ ವಾಸ್ತುಶಿಲ್ಪದಲ್ಲೂ ಹೆನ್ರಿ ಅರ್ವಿನ್ ಅವರ ಕೈಯಿದೆ. ಪಾಠ ಮುಗಿಸಿ ನಾಲ್ಕು ಹೆಜ್ಜೆ ಹಾಕಿದರೆ ವಾದ ನಡೆಯುವ ಕೋರ್ಟ್ ಹಾಲ್ ಸಿಗುತ್ತಿತ್ತು.

ಈ ಕಾಲೇಜಿನ ಆವರಣದಲ್ಲೊಂದು ವಿಚಿತ್ರವಿದೆ. ಇಂಗ್ಲಿಷರ ಹಳೆಯ ಸ್ಮಶಾನ ಇದ್ದ ಜಾಗ ಅದು. ಅಲ್ಲಿ ಉಳಿದುಕೊಂಡಿರುವ ಒಂದು ಗೋರಿಯನ್ನು ಕಟ್ಟಿಸಿದವರು ಎಲಿಹು ಯೇಲ್. ತಮ್ಮ ಎಳೆಯ ಮಗ ಡೇವಿಡ್ ಮತ್ತು ಗೆಳೆಯ ಜೋಸೆಫ್ ಹಿನ್ಮರ್ ಅವರ ನೆನಪಿಗೆ ಕಟ್ಟಿಸಿದ್ದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟವರು ಇವರೇ. ಆದರೆ ಮದ್ರಾಸಿನ ಇತಿಹಾಸದಲ್ಲಿ ಅವರಿಗೆ ಇನ್ನೊಂದು ಗುರುತೂ ಇದೆ. 1687ರಿಂದ ಸೇಂಟ್ ಜಾರ್ಜ್ ಕೋಟೆಯ ಆಡಳಿತ ನಡೆಸಿದ ಯೇಲ್ ಅವರನ್ನು ಈಸ್ಟ್ ಇಂಡಿಯಾ ಕಂಪನಿ 1692ರಲ್ಲಿ ಕೆಳಗಿಳಿಸಿತು. ಹುದ್ದೆ ಬಳಸಿಕೊಂಡು ಸ್ವಂತ ಜೇಬು ತುಂಬಿಸಿಕೊಂಡರು ಎಂಬುದು ಅವರ ಮೇಲಿದ್ದ ಆರೋಪ. ಮುಂದೆ ದೇಶದ ಅಧಿಕಾರಿಗಳ ಮೇಲಿನ ದೂರುಗಳನ್ನು ತೂಗಬೇಕಾಗಿದ್ದ ವಿದ್ಯಾರ್ಥಿ ಕಾನೂನು ಕಲಿತದ್ದು ಇಂಥ ಗೋರಿಯ ನೆರಳಲ್ಲಿ ಎಂಬುದು ಕಾಕತಾಳೀಯವೇ ಇರಬಹುದು, ಆದರೂ ನೆನಪಿಡಬೇಕಾದ ಸಂಗತಿ.

ಅದೇ ಬೀದಿಯಲ್ಲಿ 1906ರ ಅಕ್ಟೋಬರ್‌ನಲ್ಲಿ ಆರ್ಬತ್‌ನಾಟ್ ಬ್ಯಾಂಕ್ ಮುಳುಗಿತ್ತು. ದಕ್ಷಿಣ ಭಾರತದ ಸಾವಿರಾರು ಕುಟುಂಬಗಳ ಉಳಿತಾಯ ಅದರ ಜತೆಗೇ ಹೋಯಿತು. ಬ್ಯಾಂಕಿನ ಮುಖ್ಯಸ್ಥ ಸರ್ ಜಾರ್ಜ್ ಆರ್ಬತ್‌ನಾಟ್ ವಿಚಾರಣೆ ಎದುರಿಸಿ 18 ತಿಂಗಳ ಕಠಿಣ ಸಜೆಗೆ ಗುರಿಯಾದರು. 'ಸರ್' ಬಿರುದಿನ ಬಿಳಿಯ ಸಾಹುಕಾರನೂ ಲೆಕ್ಕ ಕೊಡಬೇಕಾಗಿ ಬಂದ ಆ ಪ್ರಕರಣ ಮದ್ರಾಸಿನ ವಕೀಲರ ಬಾಯಲ್ಲಿ ಬಹುಕಾಲ ಉಳಿಯಿತು. ಈ ಆಘಾತದಿಂದಲೇ ಹುಟ್ಟಿದ ಇಂಡಿಯನ್ ಬ್ಯಾಂಕ್ 1907ರ ಆಗಸ್ಟ್ 15ರಂದು ವ್ಯವಹಾರ ಆರಂಭಿಸಿದ್ದು ಪ್ಯಾರಿ ಕಂಪನಿಯ ಕಟ್ಟಡದಲ್ಲಿ.

ಕೋಟೆಯಲ್ಲೊಂದು ಪುಸ್ತಕದ ಅಂಗಡಿ

ಪದವಿ ಪಡೆದು ಊರಿಗೆ ಮರಳಿದ ರಾಯರು ವಕೀಲಿ ವೃತ್ತಿ ಹಿಡಿದರು. ಆದರೆ ಕನ್ನಡಿಗರ ನೆನಪಿನಲ್ಲಿ ಆ ಕಾಲದ ನಿಟ್ಟೂರರು ಉಳಿದಿರುವುದು ಇನ್ನೊಂದು ಕೆಲಸದಿಂದ. ಕನ್ನಡದ ಪುಸ್ತಕಕ್ಕೆ ಅಂಗಡಿ ಇರಲಿ, ಸರಿಯಾದ ಪ್ರಕಾಶಕರೇ ಇಲ್ಲದ ದಿನಗಳವು. ಬರೆದವರೇ ಸಾಲ ಮಾಡಿ ಅಚ್ಚು ಹಾಕಿಸಿ, ಹೊತ್ತು ಮಾರಬೇಕಿತ್ತು. ಅಂಥ ಹೊತ್ತಿನಲ್ಲಿ ರಾಯರು ಬೆಂಗಳೂರಿನ ಕೋಟೆಯಲ್ಲಿ ಸತ್ಯಶೋಧನ ಪುಸ್ತಕ ಭಂಡಾರ ತೆರೆದರು. ಗಾಂಧೀಜಿಯವರ ಆತ್ಮಕಥೆಯನ್ನು ಕನ್ನಡದಲ್ಲಿ ಪ್ರಕಟಿಸಿದರು. ಅಂಗಡಿಯ ಹೆಸರಿನಲ್ಲೂ ಗಾಂಧಿಯೇ ಇದ್ದಾರೆ, ಬಿಡಿ.

ವಕೀಲರು ನ್ಯಾಯಮೂರ್ತಿಯಾದರು. 1962ರ ಮಾರ್ಚ್‌ನಲ್ಲಿ ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಅಠಾರ ಕಚೇರಿಯ ಪೀಠದಲ್ಲಿ ಕೂತ ರಾಯರು 1963ರ ಆಗಸ್ಟ್‌ನಲ್ಲಿ ನಿವೃತ್ತರಾದರು. ಆಗ ಹೈಕೋರ್ಟ್ ನ್ಯಾಯಮೂರ್ತಿಗಳ ನಿವೃತ್ತಿ ವಯಸ್ಸು 60. ಎರಡೇ ತಿಂಗಳಲ್ಲಿ ಸಂವಿಧಾನಕ್ಕೆ 15ನೇ ತಿದ್ದುಪಡಿ ಬಂದು ಅದು 62ಕ್ಕೆ ಏರಿತು. ರಾಯರು ಕೆಲವು ತಿಂಗಳು ತಡವಾಗಿ ಹುಟ್ಟಿದ್ದರೆ 1964ರ ಫೆಬ್ರುವರಿಯಲ್ಲಿ ಬೆಂಗಳೂರಿನ ಪೀಠದಲ್ಲೇ ಇರುತ್ತಿದ್ದರು. ದೆಹಲಿಯ ಕರೆ ಬೇರೆ ಯಾರಿಗೋ ಹೋಗುತ್ತಿತ್ತು.

ಕೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು

ಎರಡನೇ ಮಹಾಯುದ್ಧದ ಖರೀದಿಗಳಲ್ಲಿ ಲಂಚ ವಿಪರೀತವಾದಾಗ ಬ್ರಿಟಿಷ್ ಸರ್ಕಾರ 1941ರಲ್ಲಿ ವಿಶೇಷ ಪೊಲೀಸ್ ದಳ ಕಟ್ಟಿತ್ತು. ಸ್ವಾತಂತ್ರ್ಯದ ನಂತರ ಪರ್ಮಿಟ್, ಲೈಸೆನ್ಸ್, ಕಂಟ್ರಾಕ್ಟುಗಳು ಹೆಚ್ಚಿದವು, ಮೇಜಿನ ಕೆಳಗಿನ ವ್ಯವಹಾರವೂ ಹೆಚ್ಚಿತು. 1962ರಲ್ಲಿ ಗೃಹ ಸಚಿವರಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿ ಅವರು ಕೆ. ಸಂತಾನಂ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿದರು. 1963ರ ಏಪ್ರಿಲ್ 1ರಂದು ಸಿಬಿಐ ಹುಟ್ಟಿತು, ಯುದ್ಧಕಾಲದ ಆ ದಳ ಅದರೊಳಗೆ ಸೇರಿತು.

ಸಂತಾನಂ ಸಮಿತಿ ಬಯಸಿದ್ದು ಗಟ್ಟಿಮುಟ್ಟಾದ ಆಯೋಗವನ್ನು. ಸಾರ್ವಜನಿಕರ ದೂರು ನಿವಾರಣೆ, ಜಾಗೃತ ಕೆಲಸ, ಪೊಲೀಸ್ ತನಿಖೆ ಮೂರೂ ಒಂದೇ ಸೂರಿನಡಿ ಇರಬೇಕು ಎಂಬುದು ಅದರ ಯೋಚನೆ. ಸರ್ಕಾರ ಒಪ್ಪಿದ್ದು ನಡುವಿನದನ್ನು ಮಾತ್ರ. 1964ರ ಫೆಬ್ರುವರಿ 11ರ ನಿರ್ಣಯದಂತೆ ಬಂದ ಆಯೋಗಕ್ಕೆ ಸದಸ್ಯರು ಒಬ್ಬರೇ. ಸ್ವಂತ ಪೊಲೀಸರಿಲ್ಲ. ಯಾರನ್ನೂ ಬಂಧಿಸುವಂತಿಲ್ಲ, ಶಿಕ್ಷಿಸುವಂತಿಲ್ಲ. ಮಂತ್ರಿಗಳು ವ್ಯಾಪ್ತಿಯ ಹೊರಗೆ. ಕೊಡುವುದೆಲ್ಲ ಸಲಹೆ. ಇಂಥ ಕುರ್ಚಿಯಲ್ಲಿ ಫೆಬ್ರುವರಿ 19ರಂದು ಶ್ರೀನಿವಾಸರಾಯರು ಕುಳಿತರು.

ಹಾಗಾದರೆ ಕೈಯಲ್ಲಿ ಏನಿತ್ತು? ಮೊದಲನೆಯದಾಗಿ, ಆಯುಕ್ತರು ಯಾವ ಸಚಿವಾಲಯದ ಅಧೀನರೂ ಅಲ್ಲ. ಆರು ವರ್ಷ ಅಥವಾ 65 ವಯಸ್ಸಿನವರೆಗೆ ಅವಧಿ. ಕಿತ್ತುಹಾಕುವುದು ಸುಲಭವಲ್ಲ. ಹುದ್ದೆ ಬಿಟ್ಟ ಮೇಲೆ ಕೇಂದ್ರ ಅಥವಾ ರಾಜ್ಯ ಸರ್ಕಾರದ ಇನ್ನೊಂದು ಕೆಲಸ ಒಪ್ಪುವಂತಿಲ್ಲ. ಮುಂದಿನ ಕುರ್ಚಿಯ ಆಸೆ ಇಲ್ಲದವನು ಯಾರ ಮುಖವನ್ನೂ ನೋಡಬೇಕಿಲ್ಲ ಎಂಬ ಲೆಕ್ಕಾಚಾರ ಈ ಷರತ್ತಿನ ಹಿಂದಿತ್ತು. ನಿವೃತ್ತಿಯ ಮರುದಿನವೇ ಹೊಸ ಹುದ್ದೆಗೆ ಏರುವ ಇಂದಿನ ಸುದ್ದಿಗಳನ್ನು ಓದುವಾಗ ಈ ಷರತ್ತಿನ ಬೆಲೆ ಅರ್ಥವಾಗುತ್ತದೆ.

ಎರಡನೆಯದು ವಾರ್ಷಿಕ ವರದಿ. ಯಾವ ಇಲಾಖೆ ಆಯೋಗದ ಸಲಹೆ ತಳ್ಳಿಹಾಕಿತು ಎಂಬುದು ಅದರಲ್ಲಿ ಬರಬೇಕು. ಏಕೆ ತಳ್ಳಿಹಾಕಿತು ಎಂಬ ವಿವರಣೆಯ ಜತೆ ಆ ವರದಿ ಸಂಸತ್ತಿನ ಮುಂದೆ ಹೋಗಬೇಕು. ಆಯೋಗಕ್ಕಿದ್ದ ಹಲ್ಲು ಅದೊಂದೇ ಎನ್ನಬಹುದು. ಕಡತದೊಳಗೆ ಸದ್ದಿಲ್ಲದೆ ಮುಚ್ಚಿಹೋಗುತ್ತಿದ್ದ ಪ್ರಕರಣಕ್ಕೆ ಸಂಸದರ ಮುಂದೆ ಕಾರಣ ಕೊಡಬೇಕಾದ ಮುಜುಗರ.

ಒಂದು ದೂರು ಹೀಗೆ ಸಾಗುತ್ತಿತ್ತು

ಕೇಂದ್ರ ಸರ್ಕಾರದ ಅಧಿಕಾರಿಯೊಬ್ಬರು ಲಂಚ ಪಡೆದರು ಎಂಬ ದೂರು ಆಯೋಗಕ್ಕೆ ಬಂತು ಎಂದಿಟ್ಟುಕೊಳ್ಳಿ. ಆಯುಕ್ತರು ಅದನ್ನು ಓದಿ, ಸಂಬಂಧಪಟ್ಟ ಸಚಿವಾಲಯದ ಮುಖ್ಯ ಜಾಗೃತಾಧಿಕಾರಿಗೆ ಕೊಡಬೇಕೇ ಅಥವಾ ಸಿಬಿಐಗೆ ಒಪ್ಪಿಸಬೇಕೇ ಎಂದು ತೀರ್ಮಾನಿಸುತ್ತಿದ್ದರು. ಸಿಬಿಐಗೆ ಹೋದರೆ ಅಲ್ಲಿಂದ ಅಪರಾಧ ತನಿಖಾಧಿಕಾರಿಯ ಕೆಲಸ. ಬ್ಯಾಂಕ್ ಖಾತೆ, ಜಮೀನಿನ ಪತ್ರ, ಸಂಬಳದ ಲೆಕ್ಕ, ಸಾಕ್ಷಿಗಳ ಹೇಳಿಕೆ. 1964ರಲ್ಲೇ ಭ್ರಷ್ಟಾಚಾರ ತಡೆ ಕಾನೂನಿಗೆ ತಿದ್ದುಪಡಿ ಬಂದು, ಆದಾಯ ಮೀರಿದ ಆಸ್ತಿ ಹೊಂದಿರುವುದೇ ಅಪರಾಧವಾಯಿತು. ವಿಶೇಷ ಪೊಲೀಸ್ ದಳದ ಇನ್‌ಸ್ಪೆಕ್ಟರ್ ದರ್ಜೆಯವರಿಗೂ ಇಂಥ ತನಿಖೆ ನಡೆಸುವ ಅಧಿಕಾರ ಸಿಕ್ಕಿತು. ಲಂಚ ಕೊಟ್ಟ ಕ್ಷಣವನ್ನೇ ಹಿಡಿಯಬೇಕಾದ ಕಷ್ಟ ಕೊಂಚ ತಗ್ಗಿತು.

ತನಿಖೆ ಮುಗಿದ ಮೇಲೆ ವರದಿ ಮತ್ತೆ ಆಯುಕ್ತರ ಮೇಜಿಗೆ ಬರುತ್ತಿತ್ತು. ಕೋರ್ಟಿಗೆ ಹೋಗುವಷ್ಟು ಸಾಕ್ಷ್ಯವಿದೆಯೇ, ಇಲಾಖಾ ವಿಚಾರಣೆ ಸಾಕೇ, ಅಥವಾ ಇದು ಬರೀ ಹಗೆಯ ದೂರೇ? ಈ ತೂಗುವ ಕೆಲಸಕ್ಕೇ ನ್ಯಾಯಮೂರ್ತಿ ಬೇಕಿತ್ತು. ಬಡ್ತಿಯ ಹೊತ್ತಿಗೆ ಸರಿಯಾಗಿ ಬರುವ ಅನಾಮಧೇಯ ಪತ್ರದಿಂದ ಪ್ರಾಮಾಣಿಕ ಅಧಿಕಾರಿಯ ಬದುಕು ಹಾಳಾಗಬಹುದು. ಕಳ್ಳನೊಬ್ಬ ದುರ್ಬಲ ತನಿಖೆಯಿಂದ ನಿರ್ದೋಷಿ ಎನಿಸಿಕೊಂಡು ಹಿಂದಿನ ಸಂಬಳ ಸಮೇತ ಕುರ್ಚಿಗೆ ಮರಳಬಹುದು. ಎರಡೂ ಆಗದಂತೆ ನೋಡಿಕೊಳ್ಳಬೇಕು.

ಇಲಾಖಾ ವಿಚಾರಣೆ ನಡೆಸುವ ಆಯುಕ್ತರನ್ನು ಸಚಿವಾಲಯಗಳಿಂದ ಬಿಡಿಸಿ ಆಯೋಗದ ಅಡಿಗೆ ತರಲಾಯಿತು. ತನ್ನ ಕೈಕೆಳಗಿನವನನ್ನು ತಾನೇ ವಿಚಾರಿಸಿ ತಾನೇ ಬಿಡುವ ಪದ್ಧತಿಗೆ ಇದರಿಂದ ಸ್ವಲ್ಪ ಕಡಿವಾಣ ಬಿತ್ತು. ಕಟ್ಟಡ ಕಾಮಗಾರಿಗಳ ಗುಣಮಟ್ಟ ಪರೀಕ್ಷಿಸಲು 1957ರಲ್ಲಿ ಹುಟ್ಟಿದ್ದ ಮುಖ್ಯ ತಾಂತ್ರಿಕ ಪರೀಕ್ಷಕರ ಸಂಸ್ಥೆಯೂ 1964ರ ನವೆಂಬರ್‌ನಲ್ಲಿ ಆಯೋಗಕ್ಕೆ ಬಂತು. ಸಿಮೆಂಟ್, ಕಬ್ಬಿಣದ ಲೆಕ್ಕ ಬಲ್ಲ ಎಂಜಿನಿಯರ್‌ಗಳು ಜತೆಗೂಡಿದರು. ರಾಜ್ಯಗಳೂ ಇದೇ ಮಾದರಿ ಹಿಡಿದವು. ಮೈಸೂರು 1965ರಲ್ಲಿ ಜಾಗೃತ ಆಯೋಗ ಮಾಡಿಕೊಂಡಿತು. ಕರ್ನಾಟಕದಲ್ಲಿ 1986ರಲ್ಲಿ ಲೋಕಾಯುಕ್ತ ಬರುವವರೆಗೂ ಇದ್ದದ್ದು ಈ ವ್ಯವಸ್ಥೆಯೇ.

ರಾಯರ ಕಾಲದಲ್ಲಿ ಭ್ರಷ್ಟಾಚಾರ ಅಡಗಿತು ಎಂದರೆ ಅದು ಉತ್ಪ್ರೇಕ್ಷೆ. ಎರಡು ವರ್ಷದಲ್ಲಿ ಅದನ್ನು ಅಳಿಸುವುದಾಗಿ ಘೋಷಿಸಿದ್ದ ಗೃಹ ಸಚಿವ ಗುಲ್ಜಾರಿಲಾಲ್ ನಂದಾ ಅವರೇ 1966ರಲ್ಲಿ ಗೃಹ ಖಾತೆ ಬಿಟ್ಟು ಹೋದರು. ದೊಡ್ಡ ರಾಜಕೀಯ ಹಗರಣಗಳು ಆಯೋಗದ ಬಾಗಿಲಿಗೆ ಬರುವಂತೆಯೇ ಇರಲಿಲ್ಲ. ಆದರೆ ಮನಸ್ಸು ಮಾಡಿದರೆ ಸರ್ಕಾರ ಕಡೆಗಣಿಸಬಹುದಾಗಿದ್ದ ಒಂದು ಕಚೇರಿ, ದೆಹಲಿಯ ದಿನನಿತ್ಯದ ಕಡತಗಳು ಹಾದುಹೋಗಲೇಬೇಕಾದ ಜಾಗವಾಗಿ ಬೇರೂರಿದ್ದು ಅವರ ನಾಲ್ಕೂವರೆ ವರ್ಷಗಳಲ್ಲೇ.

ನಿವೃತ್ತಿಯ ನಂತರ ಬಂದ ಬೇಲಿ

1968ರ ಮೇ ತಿಂಗಳಲ್ಲಿ ಸಿಬಿಐನ ಮೊದಲ ನಿರ್ದೇಶಕ ಡಿ.ಪಿ. ಕೊಹ್ಲಿ ನಿವೃತ್ತರಾದರು. ಅದೇ ಆಗಸ್ಟ್ 23ರಂದು, 65 ತುಂಬುವ ಮುನ್ನಾದಿನ, ರಾಯರೂ ಹುದ್ದೆ ಬಿಟ್ಟರು. ಮಾಜಿ ವಿದೇಶಾಂಗ ಕಾರ್ಯದರ್ಶಿ ಸುಬಿಮಲ್ ದತ್ ಅವರ ಸ್ಥಾನಕ್ಕೆ ಬಂದರು.

ಮರುವರ್ಷವೇ, 1969ರಲ್ಲಿ, ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ಮೇಲ್ದರ್ಜೆಯ ಅಧಿಕಾರಿಗಳ ಮೇಲೆ ವಿಚಾರಣೆ ಆರಂಭಿಸಲು ಸಿಬಿಐ ಮೊದಲೇ ಸರ್ಕಾರದ ಅನುಮತಿ ಪಡೆಯಬೇಕು ಎಂಬುದು ಅದರ ಸಾರ. ಕಾವಲುಗಾರ ಒಳಗೆ ಹೋಗಲು ಮನೆಯವರನ್ನೇ ಕೇಳಬೇಕು ಎಂದಂತಾಯಿತು. ಮುಂದೆ 28 ವರ್ಷ, ಬದಲಾಗುತ್ತ, ಹಿಂಪಡೆದು ಮತ್ತೆ ಜಾರಿಯಾಗುತ್ತ ಇದು ಉಳಿದುಕೊಂಡಿತು. ಹವಾಲಾ ಹಗರಣಕ್ಕೆ ಸಂಬಂಧಿಸಿದ ವಿನೀತ್ ನಾರಾಯಣ್ ಪ್ರಕರಣದಲ್ಲಿ 1997ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ಇದನ್ನು ರದ್ದುಮಾಡಿತು. ಜಾಗೃತ ಆಯೋಗಕ್ಕೆ ಕಾನೂನಿನ ಸ್ಥಾನ ಕೊಡಿ ಎಂದೂ ಹೇಳಿತು. 1998ರ ಆಗಸ್ಟ್ 25ರಂದು ಸುಗ್ರೀವಾಜ್ಞೆ ಬಂತು. ಅದರ ಹಿಂದಿನ ದಿನವಷ್ಟೇ ಬೆಂಗಳೂರಿನಲ್ಲಿ ರಾಯರಿಗೆ 95 ತುಂಬಿತ್ತು.

2003ರ ಕಾಯ್ದೆಯಲ್ಲೂ ಒಂದು ಕೊಕ್ಕೆ ಇತ್ತು. ಆಯೋಗಕ್ಕೆ ಬಲ ಕೊಟ್ಟ ಆ ಕಾಯ್ದೆಯೇ, ಜಂಟಿ ಕಾರ್ಯದರ್ಶಿ ಮತ್ತು ಮೇಲಿನವರ ತನಿಖೆಗೆ ಪೂರ್ವಾನುಮತಿ ಬೇಕೆಂಬ ಹಳೆಯ ಬೇಲಿಯನ್ನು ಮತ್ತೆ ನೆಟ್ಟಿತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಅಸಾಂವಿಧಾನಿಕ ಎಂದು ಕಿತ್ತುಹಾಕಿತು. ಅದನ್ನು ನೋಡಲು ರಾಯರು ಇರಲಿಲ್ಲ. 2004ರ ಆಗಸ್ಟ್ 12ರಂದು, 101ನೇ ಹುಟ್ಟುಹಬ್ಬಕ್ಕೆ 12 ದಿನ ಇರುವಾಗ ಅವರು ತೀರಿಕೊಂಡರು.

ಅವರು ಓದಿದ ಕಾನೂನು ಕಾಲೇಜು 2018ರಲ್ಲಿ ಪ್ಯಾರೀಸ್ ಕಾರ್ನರ್ ಬಿಟ್ಟು ನಗರದ ಹೊರಗೆ ಹೋಯಿತು. ಕೆಂಪು ಕಟ್ಟಡ ಅಲ್ಲೇ ಇದೆ. ಅದರ ಪಕ್ಕದ ಹೈಕೋರ್ಟ್ ಆವರಣದಲ್ಲಿರುವ ಸಿಟಿ ಸಿವಿಲ್ ಕೋರ್ಟಿನಲ್ಲಿ ಈಗ ಸಿಬಿಐ ವಿಶೇಷ ನ್ಯಾಯಾಧೀಶರು ಕೂರುತ್ತಾರೆ. ಚೆನ್ನೈನ ಬ್ಯಾಂಕ್, ಕಸ್ಟಮ್ಸ್, ಬಂದರು ಅಧಿಕಾರಿಗಳ ಮೇಲೆ ಸಿಬಿಐ ಹೂಡುವ ಲಂಚದ ಮೊಕದ್ದಮೆಗಳು ವಿಚಾರಣೆಗೆ ಬರುವುದು ಇವರ ಮುಂದೆಯೇ.