ಆಸ್ಪತ್ರೆಯ ಬೋರ್ಡಿನ ಮೇಲಿದ್ದ ಹೆಸರು

ಹೋದ ಸೆಮ್‌ನಲ್ಲಿ ಅಪ್ಪನಿಗೆ ಮಣಿಪಾಲದಲ್ಲಿ ಬೈಪಾಸ್ ಆಯ್ತು. ಶಿವಮೊಗ್ಗದ ರಾಗಿಗುಡ್ಡದ ನಮ್ಮ ಮನೆಗೆ ಬೀಗ ಹಾಕಿ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದು ಹೋದ ಅಮ್ಮ ಹದಿನಾಲ್ಕು ದಿನ ಅಲ್ಲೇ ಇದ್ದರು. ನಾನು ಇಂಟರ್ನಲ್ಸ್ ಮುಗಿಸಿ ಹೋದಾಗ ಕೊರಳಲ್ಲಿ ಅಟೆಂಡರ್ ಪಾಸ್ ನೇತುಹಾಕಿಕೊಂಡು ಬೆಂಚಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದರು. ಎದುರಿಗೆ ಬೋರ್ಡು: ಕಸ್ತೂರಬಾ ಆಸ್ಪತ್ರೆ. ನಮಗೆಲ್ಲ ಕೆಎಂಸಿ ಅಂದ್ರೆ ನೀಟ್ ಬರೆದ ಗೆಳೆಯರ ಕನಸು, ಅಷ್ಟೇ. ಅದರಲ್ಲಿರೋ ಹೆಸರು ಗಾಂಧೀಜಿಯ ಹೆಂಡತಿಯದ್ದು ಅಂತ ಗೊತ್ತಿತ್ತು. ಅವರ ಬಗ್ಗೆ ಬೇರೇನೂ ಗೊತ್ತಿರಲಿಲ್ಲ. ಊರಿಗೆ ಬಂದು ಓದಿದಾಗ ಗೊತ್ತಾಯ್ತು, ಆ ಹೆಸರು ಆ ಬೋರ್ಡಿಗೆ ಎಷ್ಟು ಸರಿಯಾಗಿದೆ ಅಂತ.

ಕಸ್ತೂರಬಾ ಹುಟ್ಟಿದ್ದು 1869ರಲ್ಲಿ, ಗುಜರಾತಿನ ಪೋರಬಂದರಿನ ಕಪಾಡಿಯಾ ವ್ಯಾಪಾರಿ ಮನೆತನದಲ್ಲಿ. ಮದುವೆಯಾದಾಗ ಗಂಡ ಹೆಂಡತಿ ಇಬ್ಬರಿಗೂ ಹದಿಮೂರರ ಆಸುಪಾಸು. ಆಗ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಮೊದಲ ಮಗು ಹುಟ್ಟಿ ಕೆಲವೇ ದಿನಕ್ಕೆ ತೀರಿಕೊಂಡಿತು. ಆಮೇಲೆ ನಾಲ್ವರು ಗಂಡುಮಕ್ಕಳು: ಹರಿಲಾಲ್, ಮಣಿಲಾಲ್, ರಾಮದಾಸ್, ದೇವದಾಸ್. 1896ರ ಕೊನೆಗೆ ಮಕ್ಕಳನ್ನು ಕಟ್ಟಿಕೊಂಡು ಗಂಡನ ಜೊತೆ ದಕ್ಷಿಣ ಆಫ್ರಿಕಾಕ್ಕೆ ಹಡಗು ಹತ್ತಿದರು.

ಮೊದಲು ಹಾಸಿಗೆ ಹಿಡಿದದ್ದು ಅವರೇ. 1908ರ ಕೊನೆಗೆ ರಕ್ತಸ್ರಾವ ನಿಲ್ಲದೆ ನಿತ್ರಾಣವಾದರು. ಆಗ ಗಾಂಧಿ ಸತ್ಯಾಗ್ರಹ ಮಾಡಿ ಜೈಲಿನಲ್ಲಿದ್ದರು. ದಂಡ ಕಟ್ಟಿದ್ದರೆ ಹೊರಗೆ ಬರಬಹುದಿತ್ತು, ಕಟ್ಟಲಿಲ್ಲ. ಇದನ್ನು ಓದುವಾಗ ಸಿಟ್ಟು ಬರುತ್ತೆ, ಬರಲಿ. ಬಿಡುಗಡೆಯಾದ ಮೇಲೆ ಡರ್ಬನ್ನಿನಲ್ಲಿ ಕಸ್ತೂರಬಾಗೆ ಆಪರೇಷನ್ ಆಯ್ತು. ಮೈಯಲ್ಲಿ ಶಕ್ತಿ ಇಲ್ಲದ್ದರಿಂದ ಕ್ಲೋರೋಫಾರ್ಮ್ ಕೊಡಲಿಲ್ಲ. ಪ್ರಜ್ಞೆ ಇದ್ದಂತೆಯೇ ಅವರು ಆ ನೋವು ತಡೆದುಕೊಂಡರು.

ಗಾಂಧಿ ಜೋಹಾನ್ಸ್‌ಬರ್ಗಿಗೆ ಹೋಗಿದ್ದಾಗ ಡಾಕ್ಟರು ಆಕೆಗೆ ಶಕ್ತಿ ಬರಲೆಂದು ದನದ ಮಾಂಸದ ಸಾರು ಕೊಡಬೇಕೆಂದರು. ಗಾಂಧಿ ಓಡಿಬಂದು ಡಾಕ್ಟರ ಮಾತನ್ನು ಹೆಂಡತಿಗೆ ತಿಳಿಸಿ, ತೀರ್ಮಾನ ಅವರಿಗೇ ಬಿಟ್ಟರು. ಕಸ್ತೂರಬಾ ಬೇಡ ಎಂದರು, ತಕ್ಷಣ ಅಲ್ಲಿಂದ ಕರೆದುಕೊಂಡು ಹೋಗಿ ಎಂದರು. ಡಾಕ್ಟರು ಬೈದರು. ಹೊರಗೆ ಜಿನುಗು ಮಳೆ. ಪ್ಲಾಟ್‌ಫಾರ್ಮಿನ ಒಳಕ್ಕೆ ರಿಕ್ಷಾ ಹೋಗುತ್ತಿರಲಿಲ್ಲ, ಎಲುಬಿನ ಗೂಡಾಗಿದ್ದ ಹೆಂಡತಿಯನ್ನು ಗಾಂಧಿ ಎರಡೂ ಕೈಯಲ್ಲಿ ಎತ್ತಿಕೊಂಡು ರೈಲು ಹತ್ತಿಸಿದರು. ಫೀನಿಕ್ಸ್ ಸ್ಟೇಷನ್ನಿನಿಂದ ಆಶ್ರಮಕ್ಕೆ ಎರಡೂವರೆ ಮೈಲಿ. ಜೋಳಿಗೆ, ಹೊರಲು ಆರು ಜನ, ಒಂದು ಬಾಟಲಿ ಬಿಸಿ ಹಾಲು, ಒಂದು ಬಾಟಲಿ ಬಿಸಿ ನೀರು ಸಿದ್ಧವಿರಲಿ ಎಂದು ಮೊದಲೇ ಹೇಳಿ ಕಳಿಸಿದ್ದರು.

ಮನೆಯಲ್ಲಿ ಆರೈಕೆ ಶುರುವಾಯ್ತು. ಮತ್ತೆ ರಕ್ತಸ್ರಾವ ಕಾಣಿಸಿದಾಗ ಗಾಂಧಿ ಉಪ್ಪು, ಬೇಳೆ ಬಿಡು ಎಂದರು. ನಿಮಗೆ ಹೇಳಿದರೆ ನೀವೂ ಬಿಡಲ್ಲ ಎಂದು ಕಸ್ತೂರಬಾ ತಿರುಗಿಸಿ ಹೇಳಿದರು. ಗಾಂಧಿ ಅಲ್ಲೇ ಒಂದು ವರ್ಷ ತಾನೇ ಎರಡನ್ನೂ ಬಿಟ್ಟರು. ಪಾಪ, ಆಕೆಗೆ ಯಾಕಾದರೂ ಅಂದೆನೋ ಅನ್ನಿಸಿತು. ಆಮೇಲೆ ಚೇತರಿಸಿಕೊಂಡರು. ಆದರೆ ಗುಣವಾದದ್ದು ಉಪ್ಪು ಬಿಟ್ಟದ್ದಕ್ಕೋ ಬೇರೆ ಕಾರಣಕ್ಕೋ ಹೇಳಲಾರೆ ಎಂದು ಗಾಂಧಿಯೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಇದನ್ನು ಓದಿ ಯಾರೂ ಮನೆಯಲ್ಲಿ ಪ್ರಯೋಗ ಮಾಡಬೇಡಿ.

1913ರಲ್ಲಿ ಭಾರತೀಯರ ಮದುವೆಗಳಿಗೆ ಕಾನೂನಿನ ಮಾನ್ಯತೆ ಇಲ್ಲವೆಂಬ ತೀರ್ಪು ಬಂದಾಗ ಕಸ್ತೂರಬಾ ತಾವೇ ಸತ್ಯಾಗ್ರಹಕ್ಕೆ ಇಳಿದರು. ಮೂರು ತಿಂಗಳ ಕಠಿಣ ಸಜೆ ಮುಗಿಸಿ ಹೊರಬಂದಾಗ ಗುರುತು ಸಿಗದಷ್ಟು ಸೊರಗಿದ್ದರು.

ಭಾರತಕ್ಕೆ ಬಂದ ಮೇಲೆ ಪಾಳಿ ಬದಲಾಯಿತು. 1918ರಲ್ಲಿ ಆಮಶಂಕೆಯಿಂದ ಗಾಂಧಿ ಸಾವಿನ ಹತ್ತಿರ ಹೋಗಿದ್ದರು. ಹಾಲು ಕುಡಿಯದೆ ಮೈ ಕೂಡಲ್ಲ ಎಂದು ಡಾಕ್ಟರು, ಹಾಲು ಮುಟ್ಟಲ್ಲ ಎಂಬ ಪ್ರತಿಜ್ಞೆ ಇದೆ ಎಂದು ಇವರು. ಹಾಸಿಗೆ ಪಕ್ಕ ನಿಂತಿದ್ದ ಕಸ್ತೂರಬಾ ಒಂದು ದಾರಿ ಹುಡುಕಿದರು: ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ, ಆಡಿನ ಹಾಲಿಗೇನಂತೆ? ಗಾಂಧಿ ಒಪ್ಪಿದರು. ಗಾಂಧಿ ಅಂದ್ರೆ ಆಡು ಅನ್ನೋ ಚಿತ್ರ ಬಂದದ್ದು ಹೀಗೆ. 1924ರ ಜನವರಿಯಲ್ಲಿ ಪುಣೆಯ ಸಾಸೂನ್ ಆಸ್ಪತ್ರೆಯಲ್ಲಿ ಅಪೆಂಡಿಸೈಟಿಸ್ ಆಪರೇಷನ್. ನಡುವೆ ಕರೆಂಟು ಹೋಗಿ ಲಾಟೀನಿನ ಬೆಳಕಿನಲ್ಲಿ ಮುಗಿಸಬೇಕಾಯ್ತು.

ನಮ್ಮ ನಾಡಿಗೆ ಬರೋದು 1927. ಮಾರ್ಚಿನಲ್ಲಿ ಪ್ರವಾಸದ ನಡುವೆಯೇ ರಕ್ತದೊತ್ತಡ ಏರಿ ಗಾಂಧಿ ಕುಸಿದರು. ವಿಶ್ರಾಂತಿ ಬಿಟ್ಟು ಬೇರೆ ಮದ್ದಿರಲಿಲ್ಲ. ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ನಂದಿಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನ ಕುಮಾರಪಾರ್ಕಿನಲ್ಲಿ ಚೇತರಿಕೆ. ನಂದಿಯಲ್ಲಿ ಕಸ್ತೂರಬಾ ಜೊತೆಗಿದ್ದರು. ಮೈ ಹಿಡಿತಕ್ಕೆ ಬಂದ ಮೇಲೆ ಆಗಸ್ಟಿನಲ್ಲಿ ಗಾಂಧಿ ಶಿವಮೊಗ್ಗ ಕಡೆಗೂ ಬಂದರು, ಭದ್ರಾವತಿಯಲ್ಲಿ ನಾಲ್ಕು ವರ್ಷವಷ್ಟೇ ಆಗಿದ್ದ ಕಬ್ಬಿಣದ ಕಾರ್ಖಾನೆ ನೋಡಿದರು. ಸೌದೆ ಇದ್ದಿಲಿನಿಂದ ಅದಿರು ಕರಗಿಸುತ್ತಿದ್ದ ಆ ಕುಲುಮೆಯ ಕಥೆ ನಮಗೆ ಗೊತ್ತು. ಅದನ್ನು ನೋಡಲು ಬಂದವರ ಹಿಂದೆ ತಿಂಗಳುಗಟ್ಟಲೆ ಆರೈಕೆಯೂ ಇತ್ತು ಅನ್ನೋದನ್ನ ಮಾತ್ರ ಯಾರೂ ಹೇಳಿರಲಿಲ್ಲ.

ಕೊನೆಯದು 1942. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಬಂಧಿತರಾಗಿ ಕಸ್ತೂರಬಾ ಪುಣೆಯ ಆಗಾ ಖಾನ್ ಅರಮನೆ ಸೇರಿದರು. ಅಲ್ಲಿ ಹೃದಯ ಸೋತಿತು, ಉಸಿರಾಟ ಕಷ್ಟವಾಯ್ತು. ಡಾ. ಸುಶೀಲಾ ನಯ್ಯರ್, ಡಾ. ಗಿಲ್ಡರ್ ನೋಡಿಕೊಂಡರು. ಆಯುರ್ವೇದ ಬೇಕೆಂದು ಕಸ್ತೂರಬಾ ಕೇಳಿದ್ದಕ್ಕೆ ಸರ್ಕಾರ ತಡವಾಗಿ ಒಪ್ಪಿತು; ರಾತ್ರಿ ಒಳಗಿರಲು ಬಿಡದ್ದರಿಂದ ವೈದ್ಯ ಶಿವಶರ್ಮರು ಗೇಟಿನ ಹೊರಗೆ ಕಾರಿನಲ್ಲೇ ಮಲಗಿದ್ದರು. ಮಗ ದೇವದಾಸ್ ಹೊಸ ಔಷಧ ಪೆನಿಸಿಲಿನ್ ಅನ್ನು ವಿಮಾನದಲ್ಲಿ ತರಿಸಿದರು. ಗಂಟೆಗಟ್ಟಲೆಗೊಮ್ಮೆ ಸೂಜಿ ಚುಚ್ಚಬೇಕೆಂದು ತಿಳಿದಾಗ, ಸಾಯುತ್ತಿರುವವಳಿಗೆ ಮತ್ತೆ ನೋವು ಬೇಡ ಎಂದು ಗಾಂಧಿ ತಡೆದರು. ಮಗ ಒಪ್ಪದೆ ವಾದಿಸಿ, ಕೊನೆಗೆ ಸುಮ್ಮನಾದರು. ಡರ್ಬನ್ನಿನಲ್ಲಿ ತೀರ್ಮಾನ ಕಸ್ತೂರಬಾರದ್ದಾಗಿತ್ತು, ಇಲ್ಲಿ ಆಗಲಿಲ್ಲ. ಸರಿಯೋ ತಪ್ಪೋ, ಐಸಿಯು ಹೊರಗೆ ಕಾದವರಿಗೆ ಆ ಪ್ರಶ್ನೆಯ ಭಾರ ಗೊತ್ತು. 1944ರ ಫೆಬ್ರವರಿ 22ರ ಸಂಜೆ, ಗಂಡನ ತೊಡೆಯ ಮೇಲೆ ತಲೆಯಿಟ್ಟು ಅವರು ಕಣ್ಣು ಮುಚ್ಚಿದರು. ಗಾಂಧಿ ನೂತ ನೂಲಿನ ಸೀರೆಯನ್ನೇ ಉಡಿಸಿ ಕಳಿಸಿದರು. ಒಂಬತ್ತು ವರ್ಷದ ನಂತರ, 1953ರಲ್ಲಿ, ಡಾ. ಟಿ.ಎಂ.ಎ. ಪೈ ಮಣಿಪಾಲದ ಮೆಡಿಕಲ್ ಕಾಲೇಜಿಗೆ ಅವರ ಹೆಸರಿಟ್ಟರು.

ಅಪ್ಪ ಈಗ ಮನೆಯ ಮುಂದಿನ ರಸ್ತೆಯಲ್ಲಿ ದಿನಾ ಅರ್ಧ ಗಂಟೆ ನಡೀತಾರೆ. ಅವರ ಮಾತ್ರೆಗಳಿಗೆ ಅಮ್ಮ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮೂರು ಡಬ್ಬಿ ಮಾಡಿದ್ದಾರೆ. ಹೋದ ಶನಿವಾರ ಊರಿಗೆ ಹೋದಾಗ ನೋಡಿದೆ, ಅಮ್ಮನ ಬಿಪಿ ಮಾತ್ರೆಯ ಸ್ಟ್ರಿಪ್ ಎರಡು ತಿಂಗಳಿಂದ ಹಾಗೇ ಇದೆ. ಕೇಳಿದ್ರೆ, ಮರೆತೇ ಹೋಗಿತ್ತು ಕಣೋ ಅಂದ್ರು. ನಾಲ್ಕನೇ ಡಬ್ಬಿ ತಂದು ಅಮ್ಮನ ಹೆಸರು ಬರೆದು ಇಟ್ಟು ಬಂದಿದೀನಿ. ರಾತ್ರಿ ಒಂಬತ್ತಕ್ಕೆ ಹಾಸ್ಟೆಲಿನಿಂದ ಫೋನ್ ಮಾಡ್ತೀನಿ. ಅಪ್ಪ ಹೇಗಿದಾರೆ ಅಂತ ಆಮೇಲೆ ಕೇಳ್ತೀನಿ, ಮೊದಲು ಆ ಡಬ್ಬಿ.