ಕಂಪನಿಯ ಲ್ಯಾಬ್ ಕಟ್ಟಿಸಿದ ಸಮಾಜವಾದಿ

ಎಸಿ ಸರ್ಕ್ಯೂಟ್ ಲೆಕ್ಕವನ್ನು ‘ಜೆ’ ಹಾಕಿ ಸಲೀಸಾಗಿ ಬಿಡಿಸುತ್ತೇವಲ್ಲ, ಆ ದಾರಿ ತೋರಿಸಿದವರು ಚಾರ್ಲ್ಸ್ ಸ್ಟೈನ್‌ಮೆಟ್ಜ್. ಇಂಜಿನಿಯರಿಂಗ್ ಓದಿದ ನಾಲ್ಕು ವರ್ಷದಲ್ಲಿ ಈ ಮನುಷ್ಯ ಸಮಾಜವಾದಿ ಅಂತ ನನಗೆ ಯಾರೂ ಹೇಳಲಿಲ್ಲ. ಪ್ರತಿ ಕಂಪನಿಯೂ ‘ಇನ್ನೊವೇಶನ್’ ಅಂತ ಬೋರ್ಡು ಹಾಕಿಕೊಳ್ಳುವ ಈ ದಿನಗಳಲ್ಲಿ ಅವರ ಕಥೆ ಗೊತ್ತಿರಬೇಕು.

ಹುಟ್ಟಿದ್ದು 1865ರಲ್ಲಿ, ಬ್ರೆಸ್ಲೌ ನಗರದಲ್ಲಿ. ಹುಟ್ಟಿನಿಂದಲೇ ಗೂನುಬೆನ್ನು. ವಿದ್ಯಾರ್ಥಿಯಾಗಿದ್ದಾಗ ಸಮಾಜವಾದಿ ಚಟುವಟಿಕೆಗಾಗಿ ಪೊಲೀಸರ ಕಣ್ಣಿಗೆ ಬಿದ್ದು, 1888ರಲ್ಲಿ ಜ್ಯೂರಿಕ್‌ಗೆ ಪಾರಾದರು. ಮರುವರ್ಷ ಅಮೆರಿಕ ಸೇರಿದರು. ಅವರಿದ್ದ ಸಣ್ಣ ಕಂಪನಿಯನ್ನು ಜನರಲ್ ಎಲೆಕ್ಟ್ರಿಕ್ ಕೊಂಡುಕೊಂಡಾಗ ಅವರೂ ಜಿಇ ನೌಕರರಾದರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ ಹರಿಸಲು ಯಂತ್ರ ಕೊಟ್ಟದ್ದೂ ಇದೇ ಜಿಇ.

ಎಡಿಸನ್ ಬಲ್ಬಿನ ಪೇಟೆಂಟ್ 1894ರಲ್ಲೇ ಮುಗಿದಿತ್ತು. ಯುರೋಪಿನಲ್ಲಿ ಹೊಸ ದೀಪಗಳು ಬರತೊಡಗಿದ್ದವು. 1900ರಲ್ಲಿ ಸ್ಟೈನ್‌ಮೆಟ್ಜ್ ಕಂಪನಿಯ ಮುಂದಿಟ್ಟ ಸಲಹೆ ಸರಳ: ಫ್ಯಾಕ್ಟರಿಯಿಂದ ಪೂರ್ತಿ ಬೇರೆಯಾದ ಒಂದು ಸಂಶೋಧನಾ ಲ್ಯಾಬ್ ಬೇಕು. ಇದರ ತರ್ಕ ನನಗೆ ಕಾಣುವುದು ಹೀಗೆ: ಉತ್ಪಾದನೆಯ ಪಕ್ಕದಲ್ಲೇ ಕೂರಿಸಿದರೆ ಇವತ್ತಿನ ರಿಪೇರಿ ಕೆಲಸವೇ ನಾಳೆಯ ಯೋಚನೆಯನ್ನು ತಿಂದುಹಾಕುತ್ತೆ. ಸ್ಕೆನೆಕ್ಟಡಿಯಲ್ಲಿ ಅವರ ಮನೆಯ ಹಿಂದಿನ ಕೊಟ್ಟಿಗೆಯಲ್ಲೇ ಲ್ಯಾಬ್ ಶುರುವಾಯ್ತು. ಎಂಐಟಿಯ ರಸಾಯನಶಾಸ್ತ್ರಜ್ಞ ವಿಲ್ಲಿಸ್ ವಿಟ್ನಿ ಮುಖ್ಯಸ್ಥರಾದರು. ಹತ್ತು ವರ್ಷದಲ್ಲಿ ವಿಲಿಯಂ ಕೂಲಿಡ್ಜ್, ಪುಡಿಪುಡಿಯಾಗುತ್ತಿದ್ದ ಟಂಗ್‌ಸ್ಟನ್ ಲೋಹವನ್ನು ಎಳೆದು ತಂತಿ ಮಾಡುವ ವಿಧಾನ ಕಂಡುಹಿಡಿದರು. ಬಲ್ಬಿನ ಹಣೆಬರಹವೇ ಬದಲಾಯ್ತು.

ಇತ್ತ ಸ್ಟೈನ್‌ಮೆಟ್ಜ್ ಸಮಾಜವಾದ ಬಿಡಲಿಲ್ಲ. ಊರಿಗೆ ಸಮಾಜವಾದಿ ಮೇಯರ್ ಬಂದಾಗ ಶಾಲಾ ಮಂಡಳಿಯ ಅಧ್ಯಕ್ಷರಾದರು. 1916ರಲ್ಲಿ ಒಂದು ಪುಸ್ತಕ ಬರೆದು, ಶಿಸ್ತಾಗಿ ಸಂಘಟಿತವಾದ ದೊಡ್ಡ ಕಂಪನಿಗಳೇ ಮುಂದೆ ಸಹಕಾರಿ ಸಮಾಜಕ್ಕೆ ದಾರಿಯಾಗುತ್ತವೆ ಅಂತ ವಾದಿಸಿದರು.

ಇಲ್ಲೇ ನನ್ನ ತಕರಾರು. ಲ್ಯಾಬಿಗೆ ಫ್ಯಾಕ್ಟರಿಯಿಂದ ಸ್ವಾತಂತ್ರ್ಯ ಸಿಕ್ಕಿತು, ಆದರೆ ಅಲ್ಲಿ ಹುಟ್ಟಿದ್ದಕ್ಕೆ ಕಂಪನಿಯಿಂದ ಸಿಗಲಿಲ್ಲ. 1923ರಲ್ಲಿ ಅವರು ತೀರಿಕೊಂಡರು. ಮೂರು ವರ್ಷದ ನಂತರ ಅಮೆರಿಕದ ಸುಪ್ರೀಂ ಕೋರ್ಟ್, ಲೈಸೆನ್ಸ್ ಪಡೆದು ಟಂಗ್‌ಸ್ಟನ್ ಬಲ್ಬ್ ತಯಾರಿಸುವ ವೆಸ್ಟಿಂಗ್‌ಹೌಸ್ ಕಂಪನಿಯ ಮಾರಾಟ ಬೆಲೆಯನ್ನೂ ಜಿಇ ನಿಗದಿ ಮಾಡಬಹುದು ಅಂತ ತೀರ್ಪು ಕೊಟ್ಟಿತು. ಕೊಟ್ಟಿಗೆಯಲ್ಲಿ ಶುರುವಾದ ಸಂಶೋಧನೆ ಏಕಸ್ವಾಮ್ಯದ ಬೇಲಿಯಾಯ್ತು.

ಹೊಸದನ್ನು ಹುಡುಕುವವರಿಗೆ ಸಮಯ, ದುಡ್ಡು, ಜಾಗ ಕೊಡಲೇಬೇಕು. ಸ್ಟೈನ್‌ಮೆಟ್ಜ್ ಅದನ್ನು ಗೆದ್ದು ತೋರಿಸಿದರು. ಸಿಕ್ಕಿದ್ದು ಯಾರ ಪಾಲಾಗಬೇಕು ಅನ್ನೋದನ್ನು ಮಾತ್ರ ಯಾವ ಕಂಪನಿಯ ಲ್ಯಾಬೂ ತೀರ್ಮಾನ ಮಾಡಲ್ಲ. ಅದು ರಾಜಕೀಯದ ಪ್ರಶ್ನೆ, ಅಂದ್ರೆ ನಮ್ಮ ಪ್ರಶ್ನೆ.