ನರ ಸುಟ್ಟರೆ ಬಿಪಿ ಏರುವುದೇ ಇಲ್ಲವೇ? ಬೆಕ್ಕುಗಳಿಂದ ಉತ್ತರ ಪಡೆದ ವಾಲ್ಟರ್ ಕ್ಯಾನನ್

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ನೋಡಿಕೊಂಡು ಬಂಡೆಗಳ ನಡುವೆ ಬರುತ್ತಿದ್ದೀರಿ ಎಂದುಕೊಳ್ಳಿ. ಥಟ್ಟನೆ ಎದುರಿಗೆ ಕರಡಿ! ಎದೆ ಡವಡವ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಬಿಪಿ ಏರುತ್ತದೆ. ಹೆದರಿದಾಗ ಹೀಗೇಕೆ ಆಗುತ್ತದೆ ಎಂದು ಜೀವನವಿಡೀ ಹುಡುಕಿದವರು ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್.

ಅವರು ಹುಟ್ಟಿದ್ದು 1871ರಲ್ಲಿ, ವಿಸ್ಕಾನ್ಸಿನ್ ರಾಜ್ಯದಲ್ಲಿ. ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಗ, ಆಗಷ್ಟೇ ಬಂದಿದ್ದ ಎಕ್ಸ್‌-ರೇಯಲ್ಲಿ ಬೆಕ್ಕಿನ ಹೊಟ್ಟೆ ಊಟ ಅರೆಯುವುದನ್ನು ನೋಡುತ್ತಿದ್ದರು. ಬೆಕ್ಕು ಗಾಬರಿಯಾದರೆ ಹೊಟ್ಟೆಯ ಚಲನೆ ನಿಂತುಬಿಡುತ್ತಿತ್ತು! ಭಯಕ್ಕೂ ದೇಹಕ್ಕೂ ಏನು ನಂಟು ಎಂಬ ಪ್ರಶ್ನೆ ಅಲ್ಲಿಂದ ಅವರನ್ನು ಬಿಡಲಿಲ್ಲ. 1906ರಲ್ಲಿ ಅಲ್ಲೇ ಪ್ರೊಫೆಸರ್ ಆದರು. ಅಪಾಯ ಬಂದಾಗ ದೇಹ ಹೋರಾಡಲು ಇಲ್ಲವೇ ಓಡಲು ಸಜ್ಜಾಗುತ್ತದೆ ಎಂದು 1915ರ ಪುಸ್ತಕದಲ್ಲಿ ವಿವರಿಸಿದರು.

ಅವರ ಮುಖ್ಯ ಪ್ರಯೋಗ ಹೀಗಿತ್ತು. ಬೆಕ್ಕಿನ ಹೃದಯಕ್ಕೆ ಹೋಗುವ ನರಗಳನ್ನು ಕತ್ತರಿಸಿದರು. ಆದರೂ ಬೆಕ್ಕು ಸಿಟ್ಟಾದಾಗ ಹೃದಯ ಜೋರಾಗಿ ಬಡಿಯಿತು. ನರವೇ ಇಲ್ಲದ ಮೇಲೆ ಸುದ್ದಿ ಮುಟ್ಟಿದ್ದು ಹೇಗೆ? ರಕ್ತದ ಮೂಲಕ! ಮೂತ್ರಪಿಂಡದ ಮೇಲಿರುವ ಪುಟ್ಟ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತಿದ್ದವು. ಅಂದರೆ ದೇಹಕ್ಕೆ ಎರಡು ದಾರಿ: ಒಂದು ನರ, ಇನ್ನೊಂದು ಹಾರ್ಮೋನು.

ಮುಂದೆ ಕೆಲವು ಬೆಕ್ಕುಗಳಲ್ಲಿ ಬೆನ್ನುಮೂಳೆಯ ಪಕ್ಕದ ಸಿಂಪಥೆಟಿಕ್ ನರಗಳ ಸರಪಳಿಯನ್ನೇ ತೆಗೆದರು. ಬೆಚ್ಚಗಿನ ಕೋಣೆಯಲ್ಲಿ ಅವು ಆರಾಮಾಗಿ ಬದುಕಿದವು. ಆದರೆ ಚಳಿಗೆ ರೋಮ ನಿಮಿರಲಿಲ್ಲ, ಮೈಶಾಖ ಕಾಪಾಡಿಕೊಳ್ಳುವುದು ಕಷ್ಟವಾಯಿತು. ನಾವು ಶತ್ರು ಎಂದುಕೊಳ್ಳುವ ಈ ವ್ಯವಸ್ಥೆ ಕಷ್ಟಕಾಲದ ಕಾವಲುಗಾರ ಎಂಬುದು ಇದರಿಂದ ತಿಳಿಯಿತು.

ಕ್ಯಾನನ್ 1945ರಲ್ಲಿ ತೀರಿಕೊಂಡರು. ಯೌವನದಲ್ಲಿ ಎಕ್ಸ್‌-ರೇ ಮುಂದೆ ಕಳೆದ ದಿನಗಳೇ ಅವರ ಕೊನೆಯ ಕಾಯಿಲೆಗೆ ಕಾರಣ ಎನ್ನಲಾಗುತ್ತದೆ.

ಇಂದು ಮೂತ್ರಪಿಂಡದ ರಕ್ತನಾಳದ ಸುತ್ತಲಿನ ನರಗಳನ್ನು ಸುಟ್ಟು ಬಿಪಿ ಇಳಿಸುವ ಚಿಕಿತ್ಸೆ ಇದೆ. ಅಮೆರಿಕದಲ್ಲಿ ಇದಕ್ಕೆ 2023ರಲ್ಲಿ ಅನುಮತಿ ಸಿಕ್ಕಿತು. ಹೃದಯದ ತಾಳ ತಪ್ಪಿದಾಗ ಮಾಡುವ ಅಬ್ಲೇಶನ್ ಬೇರೆಯದು. ಅದಾದ ಮೇಲೆ ಕೆಲವರಲ್ಲಿ ನಾಡಿಬಡಿತ ತುಸು ಹೆಚ್ಚುವುದೂ ಉಂಟು. ಎರಡರಲ್ಲೂ ಹಾರ್ಮೋನಿನ ದಾರಿ ತೆರೆದೇ ಇರುತ್ತದೆ. ಆದ್ದರಿಂದ ಒಮ್ಮೆ ನರ ಸುಟ್ಟರೆ ಬಿಪಿ ಮಾತ್ರೆ ಜನ್ಮದಲ್ಲಿ ಬೇಡ ಎಂಬ ಮೆಸೇಜ್ ಬಂದರೆ ನಂಬಬೇಡಿ. ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಿದರೆ ಪಾರ್ಶ್ವವಾಯುವಿನ ಅಪಾಯವಿದೆ. ಮನೆಯಲ್ಲಿ ಬಿಪಿ ಇರುವವರಿಗೆ ಇದನ್ನು ಓದಿ ಹೇಳಿ.